ಮಣ್ಣು ಕರಗಿಸಿದವನ ವಿರುದ್ಧ

ಕತಾರಿನ ಉಮ್ಮ್ ಸಲಾಲ್‌ನ ತೋಟದಲ್ಲಿ ಸೌತೆ ಸಸಿ ನೆಡುವುದು ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ. ಅದಕ್ಕೆ ಮೊದಲು ನೆಟ್ಟರೆ ಬಿಸಿಲು ಸಸಿಯನ್ನು ಉಳಿಸುವುದಿಲ್ಲ. ತಡ ಮಾಡಿದರೆ ಪಕ್ಕದ ತೋಟದವರ ಸೌತೆ ಮೊದಲು ಮಾರುಕಟ್ಟೆ ಸೇರಿರುತ್ತದೆ. ಕಜೆತಾನ್ ಡಿಸೋಜ ಆ ತೋಟದ ಸೂಪರ್‌ವೈಸರ್. ಬೆಳ್ಮಣ್ಣಿನ ಹತ್ತಿರದ ಹಳ್ಳಿಯಲ್ಲಿ ಗದ್ದೆಯ ಕೆಸರು ತುಳಿದು ಬೆಳೆದವನು, ನಡುವೆ ಹಲವು ವರ್ಷ ಕೆನಡಾದ ಗೋಧಿ ಸೀಮೆಯಲ್ಲಿದ್ದು ಅಲ್ಲಿನ ಪ್ರಜೆಯಾದವನು, ಈಗ ಮರಳಿನ ಮೇಲೆ ತರಕಾರಿ ಬೆಳೆಸುತ್ತಿದ್ದ.

ಬೆಳಿಗ್ಗೆ ಗ್ರೀನ್‌ಹೌಸ್‌ನ ಒಳಗೆ ಬಗ್ಗಿ ಹನಿ ನೀರಿನ ಪೈಪುಗಳ ತೂತುಗಳನ್ನು ನೋಡುತ್ತಿದ್ದಾಗ ಫೋನು ಬಂತು. ಕೆನಡಾದಲ್ಲಿರುವ ಮಗಳು ಎಲೈಜಾ. ಅಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ.

"ಪಪ್ಪಾ, ಓಟಿನ ಕವರ್ ಬಂತಾ?"

"ಬಂತು. ನನ್ನದೂ ಮಮ್ಮಿದೂ. ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ."

"ಫ್ರಿಜ್ಜಿನ ಮೇಲೆ ಇಟ್ರೆ ಎಂತ ಆಗ್ತದೆ? ಬರ್ದು ಕಳಿಸ್ಬೇಕು. ಪೋಸ್ಟಿಗೆ ಹಾಕ್ಬೇಡಿ, ಕೊರಿಯರ್ ಮಾಡಿ. ಎಲೆಕ್ಷನ್ ದಿನದ ಒಳಗೆ ಮುಟ್ಟದಿದ್ರೆ ಅವರು ಅದನ್ನು ಲೆಕ್ಕಕ್ಕೆ ಹಿಡಿಯುದಿಲ್ಲ."

"ಆಯ್ತಾ, ಮಾಡುವಾ."

"ಆಲ್ಬರ್ಟ್ ಅಂಕಲ್‌ಗೆ ಹೇಳಿದ್ರಾ? ಅವರದ್ದೂ ನಮ್ಮ ಊರಿನದ್ದೇ ಓಟು."

"ಹೇಳ್ತೇನೆ. ಅವನಿಗೆ ಇಂಥದ್ದೆಲ್ಲ ತಲೆಗೆ ಹೋಗುದಿಲ್ಲ."

ಎಲೈಜಾಳ ದನಿ ತುಸು ತಗ್ಗಿತು. "ಪಪ್ಪಾ, ಸಿಟ್ಟು ಬಂದವರು ಹೇಗೂ ಹಾಕ್ತಾರೆ. ಪಾರ್ಟಿಯ ಹಿಂದೆ ತಿರುಗುವವರೂ ಹಾಕ್ತಾರೆ. ನಡುವೆ ಇದ್ದಾರಲ್ಲ, ನಮ್ಮ ಹಾಗೆ, ಯಾರ ಜೊತೆಗೂ ಜಗಳ ಬೇಡ ಅನ್ನುವವರು, ಅವರು ಮನೆಯಲ್ಲಿ ಕೂತ್ರೆ ಈಗಿನ ಸರ್ಕಾರದವರೇ ಪುನಃ ಬರುದು. ಅವರು ಎದ್ದು ಬಂದ್ರೆ ಮಾತ್ರ ಏನಾದ್ರೂ ಆದೀತು. ಮಮ್ಮಿಗೆ ನಾನು ಹೇಳಿದೆ. ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ನೀವು ಹೇಳಿ."

ಕೆನಡಾದ ಆ ಊರಿನಲ್ಲಿ ಸರ್ಕಾರದ ಬೀಜ ಸಂಶೋಧನಾ ಕೇಂದ್ರವೊಂದಿತ್ತು. ಚಳಿ ತಾಳುವ ಗೋಧಿಯ ತಳಿಗಳನ್ನು ಅಲ್ಲಿ ಬೆಳೆಸಿ ನೋಡುತ್ತಿದ್ದರು. ಎಲೈಜಾ ಅದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ವರ್ಷ ಮುಗಿಯುವುದರೊಳಗೆ ಅದನ್ನು ಮುಚ್ಚುವುದಾಗಿ ಸರ್ಕಾರ ಹೇಳಿತ್ತು. ಮುಚ್ಚಿದರೆ ಅವಳು ಕೆಲಸ ಹುಡುಕಿಕೊಂಡು ದೂರದ ಪೇಟೆಗೆ ಹೋಗಬೇಕು. ಈಗ ಸಂಜೆಯ ಹೊತ್ತು ಅವಳು ವಿರೋಧ ಪಕ್ಷದಿಂದ ನಿಂತ ಕ್ಯಾರಲ್ ಎಂಬ ಟೀಚರಿನ ಪರವಾಗಿ ಮನೆಮನೆ ಹತ್ತಿ ಇಳಿಯುತ್ತಿದ್ದಳು.

ಫೋನು ಇಟ್ಟ ಮೇಲೂ ಕಜೆತಾನ್ ಬಗ್ಗಿದವನು ಬಗ್ಗಿಯೇ ಇದ್ದ. ಪಕ್ಕದ ಸಾಲಿನಲ್ಲಿ ಸಸಿಯ ಟ್ರೇ ಹಿಡಿದಿದ್ದ ಬೋಜ ಎಲ್ಲ ಕೇಳಿಸಿಕೊಂಡಿದ್ದ. ಮೂಡುಬಿದಿರೆಯ ಕಡೆಯವನು, ಊರಿನಲ್ಲಿ ಕ್ರಿಸ್ತುವರನ್ನು ಕರೆಯುವಂತೆ ಇಲ್ಲಿಯೂ ಕಜೆತಾನನನ್ನು ಪೊರ್ಬು ಎಂದೇ ಕರೆಯುತ್ತಿದ್ದ.

"ಪೊರ್ಬುಗಳೇ, ಅಲ್ಲಿ ಎಲೆಕ್ಷನ್‌ಗೆ ಕೋಳಿ, ಬಾಟ್ಲಿ ಎಲ್ಲ ಉಂಟಾ?"

"ಎಂತದೂ ಇಲ್ಲ ಮಾರಾಯ. ಒಂದು ಖಾಲಿ ಕಾಗದ ಕಳಿಸ್ತಾರೆ. ಯಾರು ಬೇಕೋ ಅವರ ಹೆಸರು ನಾವೇ ಬರಿಬೇಕು."

"ಚಿಹ್ನೆ ಇಲ್ವಾ? ಕೈ, ಹೂವು, ಸೈಕಲ್, ಯಾವುದೂ?"

"ಇಲ್ಲ."

"ಹಾಗಾದ್ರೆ ಬರಿಲಿಕ್ಕೆ ಬಾರದವನು ಎಂತ ಮಾಡುದು?" ಎಂದು ಬೋಜ ತಲೆಯಾಡಿಸಿದ. "ಅಷ್ಟು ದೂರ ಕೂತು ಓಟು ಹಾಕುದು ಅಂದ್ರೆ, ಪೊರ್ಬುಗಳೇ, ಊರಲ್ಲಿ ಮಳೆ ಬಂತು ಅಂತ ಇಲ್ಲಿ ಕೊಡೆ ಬಿಡಿಸಿದ ಹಾಗೆ."

ಕಜೆತಾನ್ ನಕ್ಕ. ಆದರೆ ಆ ನಗು ಪೈಪಿನ ಕೊನೆ ಮುಟ್ಟುವಷ್ಟು ಹೊತ್ತು ಉಳಿಯಲಿಲ್ಲ.

ಓಟು ಹಾಕಬೇಕಾದದ್ದು ವೇಯ್ನ್‌ನ ವಿರುದ್ಧ. ವೇಯ್ನ್ ಆಳುವ ಪಕ್ಷದ ಸಂಸದ. ಅದಕ್ಕೆ ಮೊದಲು ಅವನು ಆ ಊರಿನ ಹಾರ್ಡ್‌ವೇರ್ ಅಂಗಡಿಯವನು. ಕಜೆತಾನ್ ಮತ್ತು ಹೆಂಡತಿ ರೆನಿಟಾ ಅಲ್ಲಿದ್ದ ಕಾಲದಲ್ಲಿ ಅವರ ಮಗ ಫ್ಲಾಯ್ಡ್ ಕಾಲೇಜು ಮುಗಿಸಿ ಮನೆಗೆ ಬರುತ್ತಿದ್ದಾಗ ಮಂಜುಗಟ್ಟಿದ ರಸ್ತೆಯಲ್ಲಿ ಕಾರು ಜಾರಿ ತೀರಿಕೊಂಡ. ಅದು ಜನವರಿ. ಆ ಸೀಮೆಯಲ್ಲಿ ಜನವರಿಯ ಮಣ್ಣು ಕಲ್ಲಿನಂತಿರುತ್ತದೆ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಹೆಣವನ್ನು ವಸಂತದವರೆಗೆ ಚಾಪೆಲ್ಲಿನ ಹಿಂದಿನ ತಣ್ಣನೆಯ ಕೋಣೆಯಲ್ಲಿ ಇಡುತ್ತೇವೆ, ಮಣ್ಣು ಕರಗಿದ ಮೇಲೆ ದಫನ ಮಾಡೋಣ ಎಂದು ಅಲ್ಲಿನ ಪಾದ್ರಿ ಮೆಲ್ಲಗೆ ಹೇಳಿದ್ದ. ರೆನಿಟಾ ಆ ಮಾತು ಕೇಳಿ ನೆಲದ ಮೇಲೆ ಕುಳಿತವಳು ಏಳಲಿಲ್ಲ. ಆಗ ವೇಯ್ನ್ ಅಂಗಡಿಯಿಂದ ತಗಡಿನ ದೊಡ್ಡ ಮುಚ್ಚಳವೊಂದನ್ನು ಗಾಡಿಯ ಮೇಲೆ ಹೇರಿ ತಂದ. ಸಿಮೆಟ್ರಿಯಲ್ಲಿ ಹುಡುಗನಿಗೆ ಗುರುತು ಮಾಡಿದ ಜಾಗದಲ್ಲಿ ಹಿಮ ತೆಗೆದು, ಕೆಂಡ ಹರಡಿ, ಮುಚ್ಚಳ ಮುಚ್ಚಿ, ಎರಡು ರಾತ್ರಿ ಅದರ ಪಕ್ಕದಲ್ಲಿ ಗಾಡಿಯಲ್ಲೇ ಕುಳಿತು ಕೆಂಡ ಆರದಂತೆ ನೋಡಿಕೊಂಡ. ಯಾರೂ ಕೇಳಿರಲಿಲ್ಲ. ಮೂರನೆಯ ದಿನ ಮಣ್ಣು ಕರಗಿತು. ಪೆಟ್ಟಿಗೆಯ ಒಂದು ಕೊನೆಯನ್ನು ಕಜೆತಾನ್ ಹಿಡಿದಿದ್ದ, ಇನ್ನೊಂದನ್ನು ವೇಯ್ನ್.

ಆ ಚಳಿಗಾಲವನ್ನು ರೆನಿಟಾ ಮತ್ತೆ ನೋಡಲಾರದೆ ಹೋದದ್ದರಿಂದ ಅವರು ಕತಾರಿಗೆ ಬಂದದ್ದು. ಎಲೈಜಾ ಅಲ್ಲಿಯೇ ಉಳಿದಳು. ಪ್ರತಿ ವರ್ಷ ಹಿಮ ಕರಗಿದ ಮೇಲೆ ಅಣ್ಣನ ಕಲ್ಲನ್ನು ಬ್ರಷ್ ಹಾಕಿ ತೊಳೆದು ಫೋಟೋ ಕಳಿಸುತ್ತಿದ್ದಳು.

ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಫ್ಲ್ಯಾಟಿನಲ್ಲಿ ಆ ಸಂಜೆ ರೆನಿಟಾ ಅಲಸಂದೆ ಮುರಿಯುತ್ತ ಕುಳಿತಿದ್ದಳು. ಹತ್ತಿರದ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುವ ಕೆಲಸ ಅವಳದು. ಇಡೀ ದಿನ ಮಾತಾಡಿ ಬಂದು ಮನೆಯಲ್ಲಿ ಮಾತು ಕಡಿಮೆ. ಕಜೆತಾನ್ ಕೈಕಾಲು ತೊಳೆದು ಎದುರು ಕುಳಿತು ತಾನೂ ನಾಲ್ಕು ಅಲಸಂದೆ ಎತ್ತಿಕೊಂಡ.

"ಎಲೈಜಾ ಫೋನ್ ಮಾಡಿದ್ದಳು."

"ಗೊತ್ತುಂಟು."

"ಅವಳು ಹೇಳುದು ಸರಿ ಅಲ್ವಾ?"

"ತಪ್ಪು ಅಂತ ನಾನು ಹೇಳಿದ್ನಾ?"

"ಹಾಗಾದ್ರೆ ಬರ್ದು ಬಿಡು. ನಾವು ವೇಯ್ನ್‌ಗೆ ಎಂತದೂ ಮಾಡುದಿಲ್ಲ. ಅವನ ಪಾರ್ಟಿಗೆ ವಿರುದ್ಧ, ಅಷ್ಟೇ."

ರೆನಿಟಾ ಅಲಸಂದೆಯ ನಾರು ಎಳೆದು ಪಕ್ಕಕ್ಕಿಟ್ಟಳು. "ಕಾಗದದಲ್ಲಿ ಪಾರ್ಟಿ ಬರಿಲಿಕ್ಕಿಲ್ಲ. ಮನುಷ್ಯರ ಹೆಸರು ಬರಿಲಿಕ್ಕಿರುದು. ಅವನ ಕೈ ನನ್ನ ಮಗನ ಪೆಟ್ಟಿಗೆ ಹಿಡಿದಿದೆ."

"ನನಗೆ ಗೊತ್ತಿಲ್ವಾ? ನಾನೂ ಇದ್ದೆ ಅಲ್ಲಿ."

"ನೀವು ಇದ್ರಿ. ಅದಕ್ಕೇ ನಿಮಗೆ ಹೇಗೆ ಇಷ್ಟು ಬೇಗ ಆಗ್ತದೆ ಅಂತ ನನಗೆ ಗೊತ್ತಾಗುದಿಲ್ಲ."

"ಹಾಗಾದ್ರೆ ಅವನಿಗೇ ಹಾಕು!" ಕಜೆತಾನನ ದನಿ ಏರಿತು.

"ಅದೂ ಆಗುದಿಲ್ಲ. ಎಲೈಜಾ ಆ ಊರು ಬಿಟ್ರೆ ಫ್ಲಾಯ್ಡ್ ಒಬ್ಬನೇ ಆಗ್ತಾನೆ. ಅವನ ಹತ್ರ ಹೋಗ್ಲಿಕ್ಕೆ ಒಂದು ಜನ ಇಲ್ಲ." ಅವಳು ಬಟ್ಟಲನ್ನು ಎತ್ತಿಕೊಂಡು ಎದ್ದಳು. "ನನ್ನನ್ನು ಸ್ವಲ್ಪ ದಿನ ಬಿಡಿ. ನಾನು ನೋಡ್ತೇನೆ."

ಅಡುಗೆಮನೆಯಲ್ಲಿ ನೀರು ಬಿಟ್ಟ ಸದ್ದು ಕೇಳಿತು. ಕಜೆತಾನ್ ಕೈಯಲ್ಲಿದ್ದ ಅಲಸಂದೆಯನ್ನು ಮುರಿದು, ಹಾಕಲು ಬಟ್ಟಲಿಲ್ಲದೆ, ಮುಷ್ಟಿಯಲ್ಲಿ ಹಿಡಿದುಕೊಂಡೇ ಕುಳಿತ.

ಗುರುವಾರ ಸಂಜೆ ಅವನು ಆಲ್ಬರ್ಟನನ್ನು ಸೂಕ್ ವಾಕಿಫ್ ಮಾರುಕಟ್ಟೆಗೆ ಕರೆದ. ಆಲ್ಬರ್ಟ್ ಕೆನಡಾದಲ್ಲಿ ಅದೇ ಊರಿನಲ್ಲಿ ಗೋಧಿ ಲಾರಿ ಓಡಿಸಿದವನು. ಇಲ್ಲಿ ಲಾರಿ ಕಂಪನಿಯೊಂದರಲ್ಲಿ ಡ್ರೈವರುಗಳ ಮೇಲ್ವಿಚಾರಕ. ಮಸಾಲೆ ಅಂಗಡಿಗಳ ಸಾಲು ದಾಟಿ, ಪಾರಿವಾಳಗಳಿಗೆ ಕಾಳು ಹಾಕುವ ಬಯಲಿನ ಅಂಚಿನಲ್ಲಿ ಇಬ್ಬರೂ ಕರಕ್ ಚಾದ ಕಪ್ಪು ಹಿಡಿದು ಕುಳಿತರು.

"ಇಲ್ಲಿ ಮೀಟಿಂಗ್ ಗೀಟಿಂಗ್ ಮಾಡ್ಬೇಡ ಮಾರಾಯ," ಎಂದ ಆಲ್ಬರ್ಟ್, ವಿಷಯ ತಿಳಿದೊಡನೆ. "ನೀನು ಲೀಡರ್ ಆಗುದು, ಇಲ್ಲಿಯ ಪೊಲೀಸರು ನನ್ನನ್ನು ಊರಿಗೆ ಕಳಿಸುದು."

"ಚಾ ಕುಡಿಯುದು ಮೀಟಿಂಗಾ?"

"ನಿನ್ನ ಮುಖ ನೋಡಿದ್ರೆ ಮೀಟಿಂಗೇ." ಆಲ್ಬರ್ಟ್ ಚಾ ಊದಿದ. "ನೋಡು ಕಜೆತಾನ್, ನನಗೆ ಯಾರು ಬಂದ್ರೂ ಅಷ್ಟೇ. ಆದ್ರೂ ಒಂದು ಮಾತು. ನಮಗೆ ಪಾಸ್‌ಪೋರ್ಟ್ ಸಿಕ್ಕಿದ್ದು ಇವರ ಕಾಲದಲ್ಲಿ. ಕೈ ಎತ್ತಿ ಪ್ರಮಾಣ ಮಾಡಿದ್ದು ಇವರ ಕಾಲದಲ್ಲಿ. ಈಗ ಹಿಂದಿನಿಂದ ಹೋಗಿ ಕಾಲು ಎಳೆಯುದು ಸರಿಯಾ?"

"ಪ್ರಮಾಣ ಮಾಡಿದ್ದು ಪಾರ್ಟಿಗಲ್ಲ."

"ಮತ್ತೆ? ರಾಣಿಗೆ. ರಾಣಿ ತೀರಿಕೊಂಡ್ಳು. ಖಲಾಸ್."

ಕಜೆತಾನನಿಗೂ ನಗು ಬಂತು. ಆದರೆ ಅವನು ಮಾತು ಬಿಡಲಿಲ್ಲ. ಅವನ ಅಪ್ಪ ಊರಿನಲ್ಲಿ ವಾಡೆಯ, ಎಂದರೆ ಚರ್ಚಿಗೆ ಸೇರಿದ ಕೇರಿಯ, ಗುರಿಕಾರನಾಗಿದ್ದವನು. ಇಗರ್ಜಿಯ ಕೆಲಸಕ್ಕೆ ಜನ ಬೇಕೆಂದಾದರೆ ಮನೆಮನೆಯ ಜಗಲಿಯಲ್ಲಿ ಕುಳಿತು, ಎಲೆಅಡಿಕೆ ಹಾಕಿ, ಮಳೆ ಬೆಳೆ ಮಾತಾಡಿ, ಕೊನೆಗೆ ಏಳುವ ಹೊತ್ತಿಗೆ ವಿಷಯ ಹೇಳುತ್ತಿದ್ದ. ಆ ದಾರಿ ಕಜೆತಾನನಿಗೆ ಗೊತ್ತಿತ್ತು. ಅವನು ಲಾರಿಯ ಸುದ್ದಿ ತೆಗೆದ. ಬೀಜ ಕೇಂದ್ರದ ಗೇಟಿನೆದುರು ಆಲ್ಬರ್ಟ್ ಲಾರಿ ನಿಲ್ಲಿಸಿ ಕಾಫಿ ಕುಡಿಯುತ್ತಿದ್ದ ದಿನಗಳ ಸುದ್ದಿ ತೆಗೆದ. ಆ ಗೇಟಿಗೆ ಬೀಗ ಬಿದ್ದರೆ ಎದುರಿನ ಕಾಫಿ ಅಂಗಡಿ ಎಷ್ಟು ದಿನ ನಿಂತೀತು, ಅದು ಮುಚ್ಚಿದರೆ ಶಾಲೆಗೆ ಮಕ್ಕಳು ಎಲ್ಲಿಂದ ಬಂದಾರು ಎಂದು ಕೇಳಿದ.

"ನಿನಗೆ ಸಿಟ್ಟು ಮಾಡು ಅಂತ ನಾನು ಹೇಳುದಿಲ್ಲ," ಎಂದ ಕೊನೆಗೆ. "ಸಿಟ್ಟಿಲ್ಲದವರೇ ಹೇಳ್ಬೇಕು ಈಗ, ಇದು ಸರಿಯಲ್ಲ ಅಂತ. ನಾವು ಸುಮ್ನೆ ಕೂತ್ರೆ ಅವರು ನಮ್ಮನ್ನು ಅವರ ಪಾಲಿಗೆ ಸೇರಿಸಿ ಲೆಕ್ಕ ಹಾಕ್ತಾರೆ."

ಆಲ್ಬರ್ಟ್ ಪಾರಿವಾಳಗಳನ್ನೇ ನೋಡುತ್ತಿದ್ದ.

"ಖಾಲಿ ಕಾಗದ ಮಾರಾಯ. ನಿನ್ನ ಕೈಯಿಂದ ನೀನೇ ಬರಿಬೇಕು. ಬೇರೆ ಯಾರೂ ಅದರಲ್ಲಿ ಕೈ ಹಾಕ್ಲಿಕ್ಕಿಲ್ಲ. ಯಾರ ಹೆಸರು ಬರಿತಿ ಅಂತ ನಾನು ಕೇಳುದೂ ಇಲ್ಲ."

"ಕೇಳಿದ್ರೂ ಹೇಳುದಿಲ್ಲ."

"ಹೇಳ್ಬೇಡ."

ಆಲ್ಬರ್ಟ್ ಖಾಲಿ ಕಪ್ಪನ್ನು ಬುಟ್ಟಿಗೆ ಹಾಕಿ ಬಂದ. ಮತ್ತೆ ಕುಳಿತವನು ಗಡ್ಡ ಕೆರೆದುಕೊಂಡು ಕೇಳಿದ: "ಆ ಟೀಚರಿನ ಅಡ್ಡಹೆಸರು ಎಂತದು?"

ಹೊರಡುವಾಗ ಅವನು ಕಾರಿನಿಂದ ಒಂದು ಪೊಟ್ಟಣ ತೆಗೆದುಕೊಟ್ಟ. ಮಂಗಳೂರಿನಿಂದ ಬಂದ ಆಲ್ಬರ್ಟನ ತಂಗಿಯ ಮಗನ ಕೈಯಲ್ಲಿ ಪೂವಕ್ಕ ಕಳಿಸಿದ ಹೊಸ ಭತ್ತದ ತೆನೆ. ಊರಿನಲ್ಲಿ ಕಜೆತಾನನ ಗದ್ದೆಯನ್ನು ಗೇಣಿಗೆ ಬೇಸಾಯ ಮಾಡುತ್ತಿದ್ದವಳು ನೆರೆಮನೆಯ ಪೂವಕ್ಕ. ತನ್ನ ಮನೆಯಲ್ಲಿ ತೆನೆ ಕಟ್ಟುವಾಗ ಪೊರ್ಬುಗಳ ಹಬ್ಬಕ್ಕೆಂದು ಒಂದು ಹಿಡಿ ತೆನೆಯನ್ನು ಅವಳು ಬೇರೆ ತೆಗೆದಿಡುತ್ತಿದ್ದಳು. ಈ ಸಲ ತರುವವರು ಸಿಗದೆ ತಡವಾಗಿತ್ತು. ಸೆಪ್ಟೆಂಬರ್ ಮೊದಲಿನ ತೆನೆಹಬ್ಬ, ಮೊಂತಿ ಹಬ್ಬ, ಕಳೆದು ವಾರಗಳೇ ಆಗಿದ್ದವು. ಆದರೂ ತಮ್ಮ ಗದ್ದೆಯ ತೆನೆ ಬಂದ ದಿನವೇ ಈ ಮನೆಯಲ್ಲಿ ಹೊಸ ಅಕ್ಕಿಯ ಊಟ.

ಇಲ್ಲಿ ರಜೆಯ ದಿನವಾದ ಶುಕ್ರವಾರ ಬೆಳಗಿನ ಪೂಜೆಗೆ ತೆನೆಯನ್ನು ಇಗರ್ಜಿಗೆ ಒಯ್ದು ಪಾದ್ರಿಯಿಂದ ಆಶೀರ್ವಾದ ಮಾಡಿಸಿ ತಂದರು. ರೆನಿಟಾ ಮೀನು ಮಾಂಸವಿಲ್ಲದ ಅಡುಗೆ ಮಾಡಿದ್ದಳು. ಅಲಸಂದೆ, ಬೆಂಡೆ, ಅಂಗಡಿಯಿಂದ ತಂದ ಸೌತೆ, ಕೆಸುವಿನ ದಂಟು, ತೆಂಗಿನ ಹಾಲಿನ ಪಾಯಸ. ಕಜೆತಾನ್ ಮೇಜಿನ ತುದಿಯಲ್ಲಿ ಕುಳಿತು, ಶಿಲುಬೆಯ ಗುರುತು ಹಾಕಿ, ತೆನೆಯಿಂದ ಕಾಳು ಬಿಡಿಸಿ ಉಗುರಿನಿಂದ ಸುಲಿಯತೊಡಗಿದ.

ಅವನ ಅಪ್ಪ ಇದ್ದಾಗಲೂ ಹಾಗೆಯೇ. ಹೊಸ ಭತ್ತ ಸುಲಿಯುವುದು ಮನೆಯ ಯಜಮಾನ. ಎದುರು ಕುಳಿತವರು, ಬೊಂಬಾಯಿಯಲ್ಲಿದ್ದವರು, ಸೊಸೆಯ ಹೊಟ್ಟೆಯಲ್ಲಿದ್ದದ್ದು, ಎಲ್ಲರ ಹೆಸರಲ್ಲೂ ಒಂದೊಂದು ಕಾಳು ಅವನೇ ಸುಲಿದು ಪಾಯಸಕ್ಕೆ ಹಾಕುತ್ತಿದ್ದ. ಮಕ್ಕಳು ಕೈ ಹಾಕಿದರೆ ಕೈಯ ಮೇಲೆ ಒಂದು ಬೀಳುತ್ತಿತ್ತು. ನನ್ನ ಕಾಳು ನಾನೇ ಸುಲಿಯುತ್ತೇನೆ ಎಂದು ಆ ಮನೆಯಲ್ಲಿ ಯಾರೂ ಹೇಳಿದವರಿಲ್ಲ.

ಕಜೆತಾನ್ ತನ್ನದು, ರೆನಿಟಾಳದು, ಎಲೈಜಾಳದು ಸುಲಿದ. ಎಲೈಜಾಳ ಕಾಳನ್ನು ಪಾಯಸಕ್ಕೆ ಹಾಕುವಾಗ ಹೆಸರು ಹೇಳಿದ. ಆಮೇಲೆ ರೆನಿಟಾ ಕೈ ಚಾಚಿ ತೆನೆಯಿಂದ ಒಂದು ಕಾಳು ಕಿತ್ತು, ಸಿಪ್ಪೆ ಸುಲಿಯದೆ, ಮನೆಯ ದೇವರ ಪೀಠವಾದ ಅಲ್ತಾರಿನ ಮುಂದೆ ಫ್ಲಾಯ್ಡ್‌ನ ಫೋಟೋದ ಹತ್ತಿರ ಇಟ್ಟಳು. ಸತ್ತವರಿಗೆ ಹೊಸ ಅಕ್ಕಿಯ ಪಾಲಿಲ್ಲ. ಅವಳು ಪ್ರತಿ ವರ್ಷ ಇಡುತ್ತಾಳೆ, ಕಜೆತಾನ್ ಪ್ರತಿ ವರ್ಷ ಸುಮ್ಮನಿರುತ್ತಾನೆ.

ಊಟ ಮುಗಿದು ಮೂರು ಗಂಟೆಗೆ ಅವಳು ಕ್ಲಿನಿಕ್ಕಿಗೆ ಹೋದಳು. ಕಜೆತಾನ್ ಮೇಜು ಒರೆಸಿದ. ಫ್ರಿಜ್ಜಿನ ಮೇಲಿನ ಕವರುಗಳನ್ನು ಕೆಳಗಿಳಿಸಿ, ಕನ್ನಡಕ ಹಾಕಿ, ಅದೇ ಮೇಜಿನ ತುದಿಯಲ್ಲಿ ಕುಳಿತ. ಒಳಗೊಂದು ಸಣ್ಣ ಲಕೋಟೆ, ಹೊರಗಿನ ಲಕೋಟೆಯ ಮೇಲೆ ಸಹಿ, ತಾರೀಕು. ಬಿಳಿಯ ಸಣ್ಣ ಕಾಗದದ ಗೆರೆಯ ಮೇಲೆ ಅವನು ಕ್ಯಾರಲ್ ಟೀಚರಿನ ಪೂರ್ತಿ ಹೆಸರನ್ನು ದುಂಡಗೆ ಬರೆದ. ಮಡಚಿದ, ಲಕೋಟೆಗೆ ಹಾಕಿದ, ಅಂಟಿಸಿದ. ಆಮೇಲೆ ರೆನಿಟಾಳ ಕವರನ್ನು ಎಳೆದುಕೊಂಡ. ಅದೇ ಹೆಸರನ್ನು ಅದೇ ದುಂಡು ಅಕ್ಷರದಲ್ಲಿ ಬರೆದ. ಮಡಚಿದ, ಹಾಕಿದ.

ಅಂಟಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಾಗ ರೆನಿಟಾ "ಸ್ವಲ್ಪ ದಿನ ಬಿಡಿ" ಎಂದದ್ದು ನೆನಪಾಯಿತು. ಕೈ ನಿಂತಿತು. ಆದರೆ ಅಂಟು ಹಿಡಿದಾಗಿತ್ತು. ಅವಳಿಗೇ ಹಗುರವಾಗುತ್ತದೆ ಎಂದುಕೊಂಡ. ವೇಯ್ನ್‌ನ ವಿರುದ್ಧ ಬರೆಯುವುದು ಅವಳಿಂದ ಆಗದ ಕೆಲಸ. ಆ ಭಾರವನ್ನು ತಾನು ಹೊತ್ತರೆ ಅವಳಿಗೆ ಸಹಿ ಮಾತ್ರ ಉಳಿಯುತ್ತದೆ. ಮನೆಯ ಕೆಲಸ ಮನೆಯವನು ಮಾಡಿದರೆ ಏನು. ಹೀಗೆ ಅಂದುಕೊಂಡು ಅವನು ಕವರುಗಳನ್ನು ಮತ್ತೆ ಫ್ರಿಜ್ಜಿನ ಮೇಲಿಟ್ಟ. ಆ ದಿನವಾಗಲಿ ಮರುದಿನವಾಗಲಿ ಅದರ ಮಾತೆತ್ತಲಿಲ್ಲ.

ಭಾನುವಾರ ಸಂಜೆ ತೋಟದಿಂದ ಬಂದಾಗ ರೆನಿಟಾ ಬಾಲ್ಕನಿಯಲ್ಲಿ ನಿಂತು ಫೋನು ಹಿಡಿದಿದ್ದಳು. ಮೈಮೇಲೆ ಪೂಜೆಗೆ ಹೋಗುವ ಸೀರೆ. ಅವಳು ಇಂಗ್ಲಿಷಿನಲ್ಲಿ, ಕ್ಲಿನಿಕ್ಕಿನ ಇಂಗ್ಲಿಷಿನಲ್ಲಲ್ಲ, ಆ ಊರಿನ ನಿಧಾನದ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಫೋನಿನ ಸ್ಪೀಕರ್ ಹಾಕಿತ್ತು. ಕಜೆತಾನ್ ಬೂಟು ಬಿಚ್ಚಲು ಬಗ್ಗಿದವನು ಹಾಗೆಯೇ ನಿಂತ.

"ವೇಯ್ನ್, ನಾನು ಫ್ಲಾಯ್ಡ್‌ನ ತಾಯಿ."

ಆ ಕಡೆಯಿಂದ ಬಾಗಿಲು ಮುಚ್ಚಿದ ಸದ್ದು. "ರೆನಿಟಾ. ಹೇಳಿ."

"ನಿಮಗೆ ಒಂದು ಮಾತು ಹೇಳಬೇಕಿತ್ತು. ಈ ಸಲ ನನ್ನ ಓಟು ನಿಮಗಿಲ್ಲ. ನಿಮ್ಮ ವಿರುದ್ಧ ಬರೆಯುತ್ತೇನೆ."

"ಇದನ್ನು ಹೇಳಲಿಕ್ಕೆ ಕತಾರಿನಿಂದ ಫೋನ್ ಮಾಡಿದಿರಾ?"

"ಹೌದು. ನೀವು ನನ್ನ ಮಗನ ಮಣ್ಣು ಕರಗಿಸಿದವರು. ನಿಮಗೆ ತಿಳಿಸದೆ, ನಿಮ್ಮ ಬೆನ್ನ ಹಿಂದೆ ಬರೆಯಲು ನನ್ನಿಂದ ಆಗಲಿಲ್ಲ. ನನ್ನ ಊರಿನಲ್ಲಿ ಇಂಥ ಮಾತನ್ನು ಎದುರು ಬಂದು ಹೇಳುತ್ತಾರೆ. ಬರಲಿಕ್ಕಾಗುವುದಿಲ್ಲ, ಅದಕ್ಕೆ ಫೋನು."

"ಬೀಜ ಕೇಂದ್ರದ ವಿಷಯಕ್ಕಾ?"

"ಅದಕ್ಕೇ."

"ನಾನು ಪಕ್ಷದ ಒಳಗೆ ಮಾತಾಡಿದೆ, ರೆನಿಟಾ. ತುಂಬ ಮಾತಾಡಿದೆ. ಆಗಲಿಲ್ಲ."

"ಹೊರಗೆ ಮಾತಾಡಬೇಕಿತ್ತು ನೀವು."

ಅವನು ಉಸಿರು ಬಿಟ್ಟದ್ದು ಕೇಳಿಸಿತು. "ಇರಬಹುದು," ಎಂದ. ಆಮೇಲೆ, "ಮೊನ್ನೆ ಸಿಮೆಟ್ರಿಗೆ ಹೋಗಿದ್ದೆ. ಹುಡುಗನ ಕಲ್ಲಿನ ಸುತ್ತ ಹುಲ್ಲು ಕತ್ತರಿಸಿ ಬಂದೆ. ಓಟಿಗೂ ಅದಕ್ಕೂ ಸಂಬಂಧ ಇಲ್ಲ. ಅದನ್ನು ನಾನು ಯಾವಾಗಲೂ ಮಾಡ್ತೇನೆ."

"ನನಗೆ ಗೊತ್ತು," ಎಂದಳು ರೆನಿಟಾ. "ಎಲೈಜಾ ಹೇಳ್ತಾಳೆ. ಅದಕ್ಕೇ ಇಷ್ಟು ದಿನ ಬೇಕಾಯಿತು ನನಗೆ."

ಫೋನು ಇಟ್ಟು ಒಳಗೆ ಬಂದವಳು ಕಣ್ಣು ಒರೆಸಿಕೊಂಡಿರಲಿಲ್ಲ. ಮುಖ ಮಾತ್ರ ಜ್ವರ ಬಿಟ್ಟವರಂತೆ ತಿಳಿಯಾಗಿತ್ತು. ಕುರ್ಚಿ ಎಳೆದು ಮೇಜಿನೆದುರು ಕುಳಿತು, "ನನ್ನ ಕವರ್ ಕೊಡಿ. ಪೆನ್ನೂ ಕೊಡಿ. ಈಗಲೇ ಬರ್ದು ಬಿಡ್ತೇನೆ," ಎಂದಳು.

ಕಜೆತಾನ್ ಅಲುಗಲಿಲ್ಲ.

"ಎಂತ? ಬೂಟು ಹಾಕಿಯೇ ನಿಂತಿದ್ದೀರಿ."

ಅವನು ಫ್ರಿಜ್ಜಿನ ಮೇಲಿಂದ ಕವರು ತೆಗೆದು ಮೇಜಿನ ಮೇಲಿಟ್ಟ. ಅವಳು ಒಳಗಿನ ಸಣ್ಣ ಲಕೋಟೆಯನ್ನು ಎಳೆದಳು. ಅದು ಅಂಟಿತ್ತು. ತಿರುಗಿಸಿ ನೋಡಿದಳು. ಬೆಳಕಿಗೆ ಹಿಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ಯಾವಾಗ?"

"ಶುಕ್ರವಾರ. ನೀನು ಡ್ಯೂಟಿಗೆ ಹೋದ ಮೇಲೆ. ನಿನಗೆ ಬರಿಲಿಕ್ಕೆ ಕಷ್ಟ ಆಗ್ತದೆ ಅಂತ..."

ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಅಂಚನ್ನು ಹರಿದು ಕಾಗದ ಬಿಡಿಸಿದಳು. ಗೆರೆಯ ಮೇಲೆ ಗಂಡನ ದುಂಡು ಅಕ್ಷರ.

"ಅದೇ ಹೆಸರು ಅಲ್ವಾ?" ಎಂದ ಕಜೆತಾನ್. "ನೀನು ಬರಿಲಿಕ್ಕೆ ಇದ್ದದ್ದೂ ಅದೇ. ಇದಕ್ಕೆ ಟೇಪ್ ಅಂಟಿಸಿ, ಹೊರಗಿನ ಕವರಿಗೆ ಒಂದು ಸೈನ್ ಹಾಕಿದ್ರೆ ಆಯ್ತು. ನಾಳೆ ಹೋದ್ರೆ ಮುಟ್ತದೆ."

"ಹೆಸರು ಅದೇ."

"ಮತ್ತೆ?"

"ನಾನು ಬರಿತೇನೆ ಅಂತ ಆ ಮನುಷ್ಯನಿಗೆ ಈಗ ಹೇಳಿ ಬಂದೆ. ಕೇಳಿದ್ರಿ ಅಲ್ವಾ ನೀವು? ನಾನು, ಅಂತ ಹೇಳಿದೆ." ಅವಳ ದನಿ ಏರಲಿಲ್ಲ. "ನಾನು ಅವನ ಹತ್ರ ಮಾತಾಡುವ ಮೊದಲೇ ನನ್ನದು ಮುಗಿಸಿ ಫ್ರಿಜ್ಜಿನ ಮೇಲೆ ಇಟ್ಟಿದ್ರಿ."

"ಇನ್ನೊಂದು ಕಾಗದ ಕಳಿಸಿ ಅಂತ ಕೇಳುವಾ. ಎಲೈಜಾಗೆ ಹೇಳುವಾ."

"ಅದು ಅಲ್ಲಿಂದ ಬಂದು ಇಲ್ಲಿಂದ ಹೋಗುವಾಗ ಎಲೆಕ್ಷನ್ ಮುಗಿದಿರ್ತದೆ. ನಿಮಗೆ ಗೊತ್ತುಂಟು."

ಅವನಿಗೆ ಗೊತ್ತಿತ್ತು. ಅವನು ಎದುರಿನ ಕುರ್ಚಿಯಲ್ಲಿ ಕುಳಿತ. "ರೆನಿಟಾ, ಒಂದು ಓಟಿಗೆ ಅಲ್ಲಿ ಸೋಲುದು ಗೆಲ್ಲುದು ಆದ್ರೆ? ಫ್ಲಾಯ್ಡ್‌ನ ಹತ್ರ ಜನ ಬೇಡ್ವಾ? ನನ್ನ ಮೇಲೆ ಸಿಟ್ಟು ಇಟ್ಕೋ. ಸೈನ್ ಹಾಕು."

ಬಹಳ ಹೊತ್ತು ಅವಳು ಪೆನ್ನನ್ನು ಕೈಯಲ್ಲಿ ಹಿಡಿದು ಹೊರಗಿನ ಲಕೋಟೆಯನ್ನು ನೋಡಿದಳು. ಓಟು ಹಾಕುವವಳು ತಾನೇ ಎಂದು ಘೋಷಿಸುವ, ಅಲ್ಲಿ ಮುದ್ರಿಸಿದ್ದ ಸಾಲುಗಳನ್ನು ಬೆರಳು ಇಟ್ಟು ಓದಿದಳು. ಕೆಳಗಿನ ರಸ್ತೆಯಲ್ಲಿ ಬಸ್ಸೊಂದು ನಿಂತು ಹೋಯಿತು. ಅಲ್ತಾರಿನ ಮುಂದೆ ಸುಲಿಯದ ಕಾಳು ಇನ್ನೂ ಹಾಗೆಯೇ ಇತ್ತು.

ಪೆನ್ನನ್ನು ಅವಳು ಮುಚ್ಚಿದಳು.

"ಎಲೈಜಾಗೆ ಫೋನ್ ಮಾಡಿ."

ಮಗಳು ಎತ್ತಿಕೊಂಡಾಗ ಕಜೆತಾನ್ ನೇರ ವಿಷಯಕ್ಕೆ ಬಂದ. "ಮಮ್ಮಿಯ ಓಟು ಹಾಳಾಯ್ತು," ಎಂದ. "ನಾನು ಹಾಳು ಮಾಡಿದೆ. ಅವಳದ್ದನ್ನೂ ನಾನೇ ಬರೆದೆ."

"ನೀವು ಎಂತ ಮಾಡಿದ್ರಿ ಪಪ್ಪಾ?" ಮಗಳ ದನಿಯಲ್ಲಿ ಮೊದಲು ಅರ್ಥವಾಗದ್ದು ಕೇಳಿಸಿತು, ಆಮೇಲೆ ಅರ್ಥವಾದದ್ದು. "ನಾನು ಇಲ್ಲಿ ದಿನಾ ಮನೆಮನೆಗೆ ಹೋಗಿ ಹೆಂಗಸರಿಗೆ ಹೇಳುದು ಗೊತ್ತುಂಟಾ? ನಿಮ್ಮ ಓಟು ನಿಮ್ಮದು ಅಂತ."

ರೆನಿಟಾ ಫೋನನ್ನು ತೆಗೆದುಕೊಂಡಳು. "ಎಲೈಜಾ, ಅದು ಮತ್ತೆ ಮಾತಾಡುವಾ. ಈಗ ಒಂದು ಕೆಲಸ ಮಾಡು. ವೇಯ್ನ್‌ನ ಹತ್ರ ಹೋಗು. 'ನನ್ನ ಮಮ್ಮಿ ನಿಮ್ಮ ವಿರುದ್ಧ ಹಾಕ್ತೇನೆ ಅಂತ ಹೇಳಿದ್ದಳಲ್ಲ, ಆ ಓಟು ಬರುದಿಲ್ಲ' ಅಂತ ಹೇಳು. ಅವಳು ಮನಸ್ಸು ಬದಲಾಯಿಸಿದ್ದಲ್ಲ ಅಂತಲೂ ಹೇಳು. ಯಾಕೆ ಅಂತ ಕೇಳಿದ್ರೆ, ಅದು ನಮ್ಮ ಮನೆಯೊಳಗಿನ ವಿಷಯ ಅಂತ ಹೇಳಿದ್ರೆ ಸಾಕು."

ಮರುದಿನ ಬೆಳಿಗ್ಗೆ ಕೊರಿಯರ್ ಆಫೀಸಿನ ಎದುರು ಆಲ್ಬರ್ಟ್ ಮೊದಲೇ ಬಂದು ನಿಂತಿದ್ದ. ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕವರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ.

"ನೋಡು, ಎರಡು ಸಲ ಓದಿ ಬರ್ದಿದ್ದೇನೆ," ಎಂದ. "ಮದುವೆಯ ರಿಜಿಸ್ಟರ್‌ನಲ್ಲಿ ಕೂಡ ಇಷ್ಟು ಚಂದ ಬರಿಲಿಲ್ಲ."

ಒಳಗೆ ಕೌಂಟರಿನಲ್ಲಿದ್ದ ಮಲಯಾಳಿ ಹುಡುಗಿ ಎಷ್ಟು ಎಂದು ಕೇಳಿದಳು.

"ಎರಡು," ಎಂದ ಕಜೆತಾನ್.

"ಮೂರಲ್ವಾ?" ಆಲ್ಬರ್ಟ್ ಅವನ ಕೈ ನೋಡಿದ. "ರೆನಿಟಾಬಾಯಿದು? ಹಾಕುದಿಲ್ಲ ಅಂತ ಹೇಳಿದ್ರಾ?"

"ಹಾಕ್ತೇನೆ ಅಂತಲೇ ಹೇಳಿದ್ದಳು."

"ಮತ್ತೆ?"

ಕಜೆತಾನ್ ಹೇಳಿದ. ನಿಂತಲ್ಲಿಯೇ, ಕೌಂಟರಿನ ಹುಡುಗಿ ಕಾಯುತ್ತಿದ್ದಂತೆ, ಕೊಂಕಣಿಯಲ್ಲಿ, ಏನೂ ಬಿಡದೆ ಹೇಳಿದ. ಅದಕ್ಕೆ ಹೆಚ್ಚು ಮಾತು ಬೇಕಾಗಲಿಲ್ಲ.

ಕಜೆತಾನ್ ತನ್ನ ಕವರನ್ನು ಕೌಂಟರಿನ ಮೇಲಿಟ್ಟು, ಆಲ್ಬರ್ಟನದ್ದನ್ನೂ ಕೊಟ್ಟುಬಿಡಲೆಂದು ಕೈ ಚಾಚಿದ. ಆಲ್ಬರ್ಟ್ ಆ ಕೈಯನ್ನು ಒಂದು ಗಳಿಗೆ ನೋಡಿದ. ಆಮೇಲೆ ಪ್ಲಾಸ್ಟಿಕ್ ಬಿಡಿಸಿ, ಅವನ ಪಕ್ಕದಿಂದ ಮುಂದೆ ಬಂದು, ತನ್ನ ಕವರನ್ನು ತಾನೇ ಕೌಂಟರಿನ ಮೇಲಿಟ್ಟ.